ಟವೆಲ್ಲಿನ ಕೆಳಗೆ ನಿಗದಿಯಾದ ಜಗತ್ತಿನ ನಂಬರ್ ಒನ್

ಪ್ರಪಂಚದ ಸಾರ್ವಕಾಲಿಕ ಶ್ರೇಷ್ಠ ಬ್ಯಾಸ್ಕೆಟ್‌ಬಾಲ್ ಆಟಗಾರರ ಪೈಕಿ ಮೊದಲನೆಯ ಸ್ಥಾನ ಅಜ್ಜಂಪುರದ ಭೂಮಿಕಾಳದು ಎಂಬುದು ಈಗ ನಿರ್ವಿವಾದ. ಈ ಬಗ್ಗೆ ಆದೇಶವಾಗಿದೆ, ಆಕ್ಷೇಪಣೆಯ ಅವಧಿ ಮುಗಿದಿದೆ, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕುಗಳ ವರ್ತಕರು ರುಜು ಹಾಕಿದ್ದಾರೆ. ಇನ್ನೂ ಯಾರಿಗಾದರೂ ಅನುಮಾನವಿದ್ದಲ್ಲಿ ಕಚೇರಿ ವೇಳೆಯಲ್ಲಿ ಬಂದು, ನಿಗದಿತ ಶುಲ್ಕ ಕಟ್ಟಿ, ತಮ್ಮ ಅನುಮಾನದ ದೃಢೀಕೃತ ನಕಲು ಪಡೆಯಬಹುದು.

ನಾನು ಈರುಳ್ಳಿ ವ್ಯಾಪಾರಿ. ಅಜ್ಜಂಪುರದಲ್ಲಿ ಮಂಡಿ ಇಟ್ಟುಕೊಂಡು ತಲೆ ನೆರೆದವನು. ಚೆಂಡಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ಅದು ಮೊಳಕೆ ಒಡೆಯುವುದಿಲ್ಲ, ಕೊಳೆಯುವುದಿಲ್ಲ, ಮಳೆಗಾಲಕ್ಕೆ ರೇಟು ಏರುವುದಿಲ್ಲ, ಹಾಗಾಗಿ ಅದರಲ್ಲಿ ವ್ಯಾಪಾರವಿಲ್ಲ. ಆದರೆ ಚೆಂಡು ಪುಟಿಯುವ ಜಾಗದಲ್ಲಿ ವ್ಯಾಪಾರವಿದೆ. ಇದನ್ನು ನಾವು ವರ್ತಕರು ತಾಲ್ಲೂಕು ಆದ ಮೇಲೆ ಕಂಡುಕೊಂಡೆವು.

ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿನಲ್ಲಿತ್ತು. ತಾಲ್ಲೂಕು ಕೇಂದ್ರ ಆದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಜೆರಾಕ್ಸ್ ಅಂಗಡಿಗಳು ಬಂದವು, ಜೆರಾಕ್ಸ್ ಮಾಡಿಸಲು ನಿಂತವರಿಗೆ ಕಾಫಿ ಬೇಕಾಯಿತು. ಅಂಗಡಿಗೆ ಜಾಗವಿಲ್ಲ. ಊರಿನ ನಡುಮಧ್ಯೆ, ಸ್ಟೇಷನ್ ರಸ್ತೆಗೆ ಮುಖ ಮಾಡಿ, ಒಂದೇ ಒಂದು ಖಾಲಿ ಜಾಗವಿತ್ತು. ಅದೇ ಬ್ಯಾಸ್ಕೆಟ್‌ಬಾಲ್ ಕೋರ್ಟು. ಸಿಮೆಂಟಿನ ನೆಲ, ಎರಡು ಕಬ್ಬಿಣದ ಕಂಬ, ಎರಡು ಹಲಗೆ. ಒಂದು ರಿಂಗಿಗೆ ಬಲೆ ಇದೆ, ಇನ್ನೊಂದಕ್ಕೆ ಬಲೆಯ ನೆನಪಿದೆ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟರಾಗಿದ್ದ ಅಂಜಿನಪ್ಪನವರು ಯಾರ ಯಾರದೋ ಕೈಕಾಲು ಹಿಡಿದು ಅದನ್ನು ಹಾಕಿಸಿದ್ದರು. ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಬಂದು ಅವರೇ ಕಸ ಗುಡಿಸುತ್ತಿದ್ದರು.

ಭೂಮಿಕಾ ಕಲಿತದ್ದು ಅಲ್ಲಿ. ಅಂಜಿನಪ್ಪ ಮೇಷ್ಟರ ಕೈಯಲ್ಲಿ ಕಲಿತು, ರಾಜ್ಯ ತಂಡಕ್ಕೆ ಸೇರಿ, ಪೇಪರಿನಲ್ಲಿ ಎರಡು ಸಲ ಫೋಟೋ ಬಂದ ಹುಡುಗಿ. ವರ್ಷದಲ್ಲಿ ಅರ್ಧ ದೇಶ ತಿರುಗಿ ಆಡುತ್ತಾಳೆ, ಉಳಿದರ್ಧ ಊರಿನಲ್ಲಿದ್ದು ಹೆಣ್ಣುಮಕ್ಕಳಿಗೆ ಕಲಿಸುತ್ತಾಳೆ. ಆ ಮಕ್ಕಳಲ್ಲಿ ಮಾನ್ಯಾ ಅಂತ ಒಬ್ಬಳು. ದೀಪಾವಳಿ ಕಳೆದ ಮೇಲೆ ಜೂನಿಯರ್ ತಂಡದ ಆಯ್ಕೆಗೆ ಹೋಗುವವಳು. ಇವರಿಗೆಲ್ಲ ಸಂಜೆ ಹೊತ್ತು ಆಡಲು ಅದೊಂದೇ ಜಾಗ. ನಮಗೂ ಅಂಗಡಿ ಕಟ್ಟಲು ಅದೊಂದೇ ಜಾಗ. ಇಷ್ಟು ಸರಳವಾದ ವಿಷಯವನ್ನು ಇತ್ಯರ್ಥ ಮಾಡಲು ಒಂದು ಕಚೇರಿ ಬೇಕಾಯಿತು. ಹಾಗಾಗಿ ‘ಕ್ರೀಡಾಂಗಣ ಮತ್ತು ಮಳಿಗೆ ಸಮನ್ವಯ ಕಚೇರಿ’ ಎಂಬುದು ಸ್ಥಾಪನೆಯಾಗಿ, ಅದಕ್ಕೆ ಶಶಿಧರ ಎಂಬ ಅಧಿಕಾರಿ ಬಂದರು. ಬಂದ ದಿನವೇ ಅವರು ಕೋರ್ಟಿನ ಮಧ್ಯದ ಗೆರೆಯ ಮೇಲೆ ತಮ್ಮ ಜೀಪು ನಿಲ್ಲಿಸಿ ಸಮನ್ವಯ ಆರಂಭಿಸಿದರು.

ಕೋರ್ಟು ಕೆಡವಿ ಮಳಿಗೆ ಕಟ್ಟಿಕೊಡಬೇಕೆಂದು ನಮ್ಮ ತ್ರಿತಾಲ್ಲೂಕು ವರ್ತಕರ ಒಕ್ಕೂಟ ಅರ್ಜಿ ಕೊಟ್ಟಿತು. ಕೆಡವಬಾರದೆಂದು ಭೂಮಿಕಾ ಅರ್ಜಿ ಕೊಟ್ಟಳು. ಅವಳು ಕಚೇರಿಗೆ ಬಂದಾಗ ನಾನೂ ಅಲ್ಲಿದ್ದೆ. ಬಾಗಿಲಿಗೆ ತಲೆ ತಗಲುತ್ತದೆಂದು ಬಗ್ಗಿ ಒಳಗೆ ಬಂದಳು. ಶಶಿಧರ ಅದನ್ನು ವಿನಯ ಎಂದುಕೊಂಡು ಕುರ್ಚಿ ಕೊಟ್ಟರು.

“ಸರ್, ನಮಗೆ ಹೊಸ ಜಾಗ ಬೇಡ, ದುಡ್ಡು ಬೇಡ. ಇರೋ ಕೋರ್ಟನ್ನ ಇದ್ದಂಗೆ ಬಿಟ್ಬಿಡಿ ಸಾಕು,” ಅಂದಳು.

“ಬಿಡೋಕೂ ಒಂದು ನಿಯಮ ಬೇಕಲ್ಲಮ್ಮ. ಸುಮ್ಸುಮ್ನೆ ಬಿಟ್ರೆ ಆಡಿಟ್ಟಿನೋರು ಬಂದು ಯಾಕೆ ಬಿಟ್ರಿ ಅಂತಾರೆ. ಕೆಡವಿದ್ರೆ ಯಾರೂ ಕೇಳಲ್ಲ.”

ಆದರೂ ಶಶಿಧರ ನ್ಯಾಯವಂತರು. ಮೂರು ದಿನ ರಜೆ ಹಾಕಿ ನಿಯಮ ಹುಡುಕಿದರು. ಸಿಕ್ಕ ನಿಯಮ ಹೀಗಿತ್ತು:

‘ಜಗತ್ತಿನ ಸಾರ್ವಕಾಲಿಕ ಶ್ರೇಷ್ಠರ ಪೈಕಿ ಮೊದಲ ಹತ್ತು ಸ್ಥಾನಗಳೊಳಗೆ ಬರುವ ಆಟಗಾರರು ಕಲಿತ ಅಂಕಣವನ್ನು ಕೆಡವತಕ್ಕದ್ದಲ್ಲ. ಹನ್ನೊಂದನೆಯ ಸ್ಥಾನ ಹಾಗೂ ಅದರಿಂದಾಚೆಗಿನವರು ಕಲಿತ ಅಂಕಣವನ್ನು ಕೆಡವಬಹುದು. ಸದರಿ ಸ್ಥಳದಲ್ಲಿ ನಿರ್ಮಿಸುವ ಮಳಿಗೆಯಲ್ಲಿ ಅವರ ಭಾವಚಿತ್ರವೊಂದನ್ನು ತೂಗುಹಾಕತಕ್ಕದ್ದು.’

ಭೂಮಿಕಾ ಓದಿ ನಕ್ಕಳು. “ಸರ್, ನಾನು ನಮ್ಮ ಸ್ಟೇಟ್ ಟೀಮಲ್ಲೇ ನಾಲ್ಕನೇಯೋಳು.”

“ಅದು ಆಟ ಕಣಮ್ಮ. ಇದು ಆಡಳಿತ. ಎರಡನ್ನೂ ಕಲಸಬೇಡ,” ಅಂದರು ಶಶಿಧರ.

ಹೀಗೆ ‘ದರ್ಜೆ ನಿಗದಿ ಸಮಿತಿ’ ಆಯಿತು. ಮಾಲು ನೋಡಿ ದರ್ಜೆ ಕಟ್ಟುವುದು ವರ್ತಕರ ಕಸುಬಾದ್ದರಿಂದ ಸಮಿತಿಗೆ ಮೂರು ತಾಲ್ಲೂಕಿನಿಂದ ಒಬ್ಬೊಬ್ಬ ವರ್ತಕರನ್ನು ಹಾಕಿದರು. ಕಡೂರಿನಿಂದ ಕೊಬ್ಬರಿ ವ್ಯಾಪಾರದ ಈರಭದ್ರಪ್ಪನವರು, ತರೀಕೆರೆಯಿಂದ ಬಾಳೆಮಂಡಿಯ ದೇವರಾಜ, ಅಜ್ಜಂಪುರದಿಂದ ನಾನು. ಮೂವರೂ ಮಳಿಗೆ ಕೇಳಿದ್ದವರೇ ಆದ್ದರಿಂದ ಸಮಿತಿಯಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶವಿರಲಿಲ್ಲ. ಅಂಜಿನಪ್ಪ ಮೇಷ್ಟರನ್ನು ವಿಷಯ ತಜ್ಞರೆಂದು ಸೇರಿಸಿಕೊಂಡರು. ವಿಷಯ ಗೊತ್ತಿರುವುದರಿಂದ ಅವರು ನಿಷ್ಪಕ್ಷಪಾತಿಯಾಗಿರುವುದು ಕಷ್ಟವೆಂದು ಅವರಿಗೆ ಮತದ ಹಕ್ಕು ಕೊಡಲಿಲ್ಲ.

ಮೊದಲ ಸಭೆಯಲ್ಲಿ ಮೇಷ್ಟರು ಎದ್ದು ನಿಂತು, ಭೂಮಿಕಾ ಒಂದು ಪಂದ್ಯಕ್ಕೆ ಸರಾಸರಿ ಎಷ್ಟು ಪಾಯಿಂಟು ತಂದಿದ್ದಾಳೆ, ಎಷ್ಟು ಚೆಂಡು ಇನ್ನೊಬ್ಬರಿಗೆ ಕೊಟ್ಟು ಹಾಕಿಸಿದ್ದಾಳೆ ಎಂದು ಹೇಳತೊಡಗಿದರು.

ಈರಭದ್ರಪ್ಪ ಕೈ ಅಡ್ಡ ಹಿಡಿದರು. “ಒಂದ್ನಿಮಿಷ ಮೇಷ್ಟ್ರೇ. ಚೆಂಡು ಅವಳ ಕೈಲಿದೆ. ಅದನ್ನ ಇನ್ನೊಬ್ಬರಿಗೆ ಕೊಡ್ತಾಳೆ. ಅವರು ಹಾಕ್ತಾರೆ. ಲಾಭ ಯಾರಿಗೆ?”

“ಟೀಮಿಗೆ.”

“ನೋಡಿ, ಅಲ್ಲೇ ಲುಕ್ಸಾನು. ಇಂಥೋಳ್ನ ಹೆಂಗ್ರೀ ಮೇಲಿಡೋದು?”

ದೇವರಾಜ ತನ್ನ ಮೊಬೈಲಿನಲ್ಲಿ ಅಮೆರಿಕದ ಹಳೆಯ ಪಂದ್ಯವೊಂದನ್ನು ತೋರಿಸಿದ. ಎಲ್ಲರೂ ತಲೆ ಸೇರಿಸಿ ನೋಡಿದೆವು. ಏಳಡಿ ಎತ್ತರದವರು ಓಡಾಡುತ್ತಿದ್ದರು. ಹಳೇ ಕಾಲದವರು ದೊಡ್ಡವರೋ ಈಗಿನವರೋ ಎಂಬ ಪ್ರಶ್ನೆ ಬಂತು. “ಆಗ ಪಾಪ, ಕಪ್ಪುಬಿಳುಪಲ್ಲಿ ಆಡ್ತಿದ್ರು,” ಅಂದ ದೇವರಾಜ. “ಚೆಂಡೂ ಕಪ್ಪು, ರಿಂಗೂ ಕಪ್ಪು. ಆದ್ರೂ ಹಾಕ್ತಿದ್ರು. ಬಣ್ಣ ಬಂದ್ಮೇಲೆ ಆಡೋದು ಏನ್ ಮಹಾ?”  ಮೇಷ್ಟರು ಬಾಯಿ ತೆರೆದು, ಮುಚ್ಚಿ, ಕೂತರು. ‘ವಿಷಯ ತಜ್ಞರು ಸಮ್ಮತಿಸಿದರು’ ಎಂದು ನಡಾವಳಿಯಲ್ಲಿ ದಾಖಲಾಯಿತು.

ಸಾರ್ವಕಾಲಿಕ ಎಂದರೆ ಯಾವ ತಾರೀಖಿನಿಂದ ಎಂಬ ಸ್ಪಷ್ಟೀಕರಣವನ್ನೂ ಕೇಳಲಾಯಿತು. ಕಾಲ ಎಂದರೆ ಕಂದಾಯ ದಾಖಲೆ ಇರುವಷ್ಟು ಕಾಲ, ಅದಕ್ಕೂ ಹಿಂದೆ ಯಾರಾದರೂ ಆಡಿದ್ದರೆ ಅದು ಅವರ ಸ್ವಂತ ಜವಾಬ್ದಾರಿ ಎಂದು ಶಶಿಧರ ತೀರ್ಪು ಕೊಟ್ಟರು.

ತೊಡಕು ಬಂದದ್ದು ಬೇರೆ ಕಡೆ. ದೇವರಾಜ ಎದ್ದು, “ಈ ಹುಡುಗಿ ಆಟ ಕಲಿಯೋವಾಗ ಅಜ್ಜಂಪುರ ನಮ್ಮ ತರೀಕೆರೆ ತಾಲ್ಲೂಕಲ್ಲಿತ್ತು. ಆದ್ರಿಂದ ಇವಳ ಶ್ರೇಷ್ಠತೆ ನಮ್ಮ ಖಾತೇಲಿದೆ. ಖಾತೆ ಬದಲಾವಣೆ ಆಗಿಲ್ಲ,” ಅಂದ.

ಈರಭದ್ರಪ್ಪ ಬಿಡಲಿಲ್ಲ. “ಖಾತೆ ಇಟ್ಕೊಂಡು ನೆಕ್ಕಪ್ಪ. ಅವಳು ಮೊದಲ್ನೇ ಕಪ್ಪು ಗೆದ್ದಿದ್ದು ಬೀರೂರಲ್ಲಿ. ಬೀರೂರು ಯಾವ ತಾಲ್ಲೂಕು? ಕಡೂರು. ಸ್ವಾಧೀನ ನಮ್ದು.”

“ಅವಳು ಇರೋದು ಅಜ್ಜಂಪುರದಲ್ಲಿ,” ಎಂದೆ ನಾನು, ಊರಿನ ಮರ್ಯಾದೆಗೆ.

“ಇರೋದು ಬೇರೆ, ಆಗೋದು ಬೇರೆ,” ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಶಶಿಧರ ಕಡತ ನೋಡಿ ಸಮನ್ವಯ ಮಾಡಿದರು: ಖಾತೆ ಇರುವ ತರೀಕೆರೆ ಕೊಡುವ ಪಕ್ಷ, ಸ್ವಾಧೀನ ಕೇಳುವ ಕಡೂರು ಕೊಳ್ಳುವ ಪಕ್ಷ, ಅಜ್ಜಂಪುರ ಮಧ್ಯಸ್ಥಿಕೆ. ದರ್ಜೆ ಎಷ್ಟು ಎಂಬುದನ್ನು ಕೊಡುವವರು ಕೊಳ್ಳುವವರು ಮಾತಾಡಿಕೊಂಡು ತೀರ್ಮಾನಿಸತಕ್ಕದ್ದು.

ಅಷ್ಟರಲ್ಲಿ ವಿಷಯ ಜನರ ಬಾಯಿಗೆ ಬಿದ್ದಿತ್ತು. ಕಡೂರು ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ ಬೆಳಿಗ್ಗೆ ಇಡ್ಲಿ ಬರುವ ಮೊದಲೇ ಭೂಮಿಕಾಳನ್ನು ಹದಿನೇಳನೆಯ ಸ್ಥಾನಕ್ಕೆ ತಂದು, ಕಾಫಿ ಮುಗಿಯುವುದರೊಳಗೆ ಮೂವತ್ತಕ್ಕೆ ಇಳಿಸುತ್ತಿದ್ದರು. ತರೀಕೆರೆಯ ಭಾವ ಬಾಮೈದ ಇಬ್ಬರು ಅವಳ ಎಡಗೈ ಆಟದ ವಿಷಯವಾಗಿ ಮಾತು ಬಿಟ್ಟರು. ಅವಳಿಗೆ ಎಡಗೈ ಇದೆಯೆಂಬುದಷ್ಟೇ ಅವರಿಗೆ ಖಚಿತವಿತ್ತು. ಲಿಂಗದಹಳ್ಳಿಯಲ್ಲಿ ಒಂದು ಮದುವೆ ಮಾತುಕತೆಯೇ ಮುರಿಯಿತು. ಗಂಡಿನವರು ಇಪ್ಪತ್ತಮೂರಕ್ಕೆ ಹಟ ಹಿಡಿದರು, ಹೆಣ್ಣಿನವರು ಹನ್ನೆರಡರಿಂದ ಕದಲಲಿಲ್ಲ. ಇವರಲ್ಲಿ ಯಾರೂ ಅವಳ ಆಟ ನೋಡಿದವರಲ್ಲ. ನೋಡಿದರೆ ಅಭಿಪ್ರಾಯ ಕೆಡುತ್ತದೆ ಎಂಬ ಎಚ್ಚರ ಎಲ್ಲರಲ್ಲೂ ಇತ್ತು.

ಒಂದು ದಿನ ಅಂಜಿನಪ್ಪ ಮೇಷ್ಟರು ನನ್ನ ಮಂಡಿಗೆ ಬಂದರು. ಮೂಟೆಯ ಮೇಲೆ ಕೂರಲು ಹೇಳಿದರೆ ಕೂರಲಿಲ್ಲ.

“ಸಾವ್ಕಾರ್ರೇ, ಅವಳ್ನ ಹತ್ತರೊಳಗೆ ತರ್ಸಿ. ನಿಮ್ಮ ಕಾಲಿಗೆ ಬೀಳ್ತೀನಿ. ಆ ಮಾನ್ಯಾ ಇದಾಳಲ್ಲ, ಕೈಗೆ ಚೆಂಡು ಬಂದ್ರೆ ಹಕ್ಕಿ ಆಗ್ತಾಳೆ ಕಣ್ರೀ. ಆಯ್ಕೆಗೆ ಇನ್ನೆಷ್ಟು ದಿನ ಇದೆ? ಕೋರ್ಟು ಹೋದ್ರೆ ಅವಳು ಎಲ್ಲಿ ಆಡ್ಬೇಕು?”

“ಮೇಷ್ಟ್ರೇ, ನಿಮ್ಮ ಮಾತು ತೆಗೆದುಹಾಕಕ್ಕಾಗಲ್ಲ. ಭೂಮಿಕಾನ ಫೋಟೋ ದೊಡ್ಡದು ಹಾಕಿಸ್ತೀನಿ. ಲೈಟ್ ಸಮೇತ.”

 ಮೇಷ್ಟರು ನೆಲಕ್ಕೆ ಉರುಳಿದ್ದ ಒಂದು ಈರುಳ್ಳಿಯನ್ನು ಎತ್ತಿ ಮೂಟೆಗೆ ಹಾಕಿ ಹೋದರು. ಬೇಸರವಾಯಿತು. ಆದರೆ ಮೂಲೆ ಮಳಿಗೆ ನನಗೆಂದು ಆಗಲೇ ಮಾತಾಗಿತ್ತು. ಮೂಲೆ ಮಳಿಗೆ ಎಂದರೆ ಎರಡು ಕಡೆ ಶಟರು.

ಎರಡನೆಯ ಸಭೆಗೆ ಮುಂಚೆ ನಾವು ಮೂವರೂ ಬೀರೂರಿನಲ್ಲಿ ಒಂದು ಖಾನಾವಳಿಯಲ್ಲಿ ಸೇರಿ, ಐವತ್ತರ ಆಸುಪಾಸು ಸಾಕೆಂದು ಮಾತಾಡಿಕೊಂಡೆವು. ಹನ್ನೊಂದಕ್ಕೆ ಹಾಕಿದರೆ ಬೇಕೆಂದೇ ಮಾಡಿದರು ಅನ್ನುತ್ತಾರೆ. ಐವತ್ತು ಗೌರವವಾಗಿ ಕಾಣುತ್ತದೆ, ದೂರವೂ ಆಗುತ್ತದೆ.

ಸಭೆಯನ್ನು ಕೋರ್ಟಿನ ಮೇಲೆಯೇ ಶಾಮಿಯಾನ ಹಾಕಿ ನಡೆಸಿದರು. ಮೂರು ತಾಲ್ಲೂಕಿನ ಜನ ಸೇರಿದ್ದರು. ಬಾಯಿಬಿಟ್ಟು ಅಂಕಿ ಹೇಳಿದರೆ ಜನ ಗದ್ದಲ ಮಾಡುತ್ತಾರೆ. ಗುಟ್ಟಾಗಿ ಮತ ಹಾಕೋಣವೆಂದರೆ ಪೆಟ್ಟಿಗೆಗೆ ಅನುದಾನವಿಲ್ಲ. ಆಗ ಈರಭದ್ರಪ್ಪ, “ಅದಕ್ಯಾಕೆ ಇಷ್ಟು ತಲೆಕೆಡಿಸ್ಕೋತೀರಿ? ಟವೆಲ್ ಇದೆಯಲ್ಲ,” ಅಂದರು.

ತಿಳಿಯದವರಿಗೆ ಹೇಳಬೇಕು. ನಮ್ಮ ಕಡೆ ದನದ ಸಂತೆಯಲ್ಲಿ, ಹಳೆಯ ಮಂಡಿಗಳಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನು, ಕೊಳ್ಳುವವನು ಕೈ ಕೈ ಹಿಡಿಯುತ್ತಾರೆ, ಮೇಲೆ ಒಂದು ಟವೆಲ್ ಹಾಕುತ್ತಾರೆ. ಒಳಗೆ ಬೆರಳು ಹಿಡಿದು ಲೆಕ್ಕ. ಬೆರಳಿಗೆ ಹತ್ತರಂತೆ ಹತ್ತರ ಲೆಕ್ಕವೋ, ಬೆರಳಿಗೆ ಒಂದರಂತೆ ಬಿಡಿ ಲೆಕ್ಕವೋ ಎಂಬುದನ್ನು ಮಾತ್ರ ಬಾಯಲ್ಲಿ ಹೇಳಬಹುದು. ಅಂಕಿಯನ್ನು ಬಾಯಿಬಿಡುವ ಹಾಗಿಲ್ಲ. ಮಾರುವವನು ಮೇಲಿಂದ ಇಳಿಯುತ್ತಾನೆ, ಕೊಳ್ಳುವವನು ಕೆಳಗಿಂದ ಏರುತ್ತಾನೆ, ಎಲ್ಲೋ ಒಂದು ಕಡೆ ಸೇರುತ್ತಾರೆ. ಸೇರಿದ ಮೇಲೆ ಮಾತು ಮುರಿಯುವಂತಿಲ್ಲ. ಟವೆಲ್ಲಿನ ಮಾತು ಮುರಿದವನಿಗೆ ಮೂರು ತಾಲ್ಲೂಕಿನಲ್ಲಿ ಯಾರೂ ಒಂದು ಚೀಲ ಮಾಲು ಕೊಡುವುದಿಲ್ಲ.

ಶಶಿಧರ ಇದನ್ನು ‘ವಸ್ತ್ರಾಚ್ಛಾದಿತ ಅಂಗುಲಿ ಸಮಾಲೋಚನಾ ಪದ್ಧತಿ’ ಎಂದು ಬರೆದುಕೊಂಡು ಅನುಮೋದಿಸಿದರು. ದೇವರಾಜ, ಈರಭದ್ರಪ್ಪ ಎದುರು ಬದುರು ಕೂತರು. ಟವೆಲ್ ನನ್ನದೇ. ಹಾಸಿದೆ.

“ಹತ್ತರ ಲೆಕ್ಕ,” ಅಂದ ದೇವರಾಜ. ಟವೆಲ್ಲಿನೊಳಗೆ ಅವನು ಐದೂ ಬೆರಳನ್ನು ಒತ್ತಿ ಹಿಡಿದದ್ದು ನನಗೆ ಬಟ್ಟೆಯ ಉಬ್ಬಿನಲ್ಲೇ ತಿಳಿಯಿತು. ಐವತ್ತು. ನಾವು ಮಾತಾಡಿಕೊಂಡಂತೆಯೇ. ಈಗ ಈರಭದ್ರಪ್ಪ ಒಪ್ಪಿಕೊಂಡು ಕೈ ಕುಲುಕಿದರೆ ಮುಗಿಯಿತು.

ಆದರೆ ಈರಭದ್ರಪ್ಪ ಕೊಬ್ಬರಿ ವ್ಯಾಪಾರದಲ್ಲಿ ಕೂದಲು ಉದುರಿಸಿಕೊಂಡವರು. ಅವರ ಕೈಗೆ ಯಾರಾದರೂ ಒಂದು ಅಂಕಿ ಕೊಟ್ಟು, ಅವರು ಅದನ್ನು ಹಾಗೆಯೇ ತೆಗೆದುಕೊಂಡದ್ದನ್ನು ಯಾರೂ ಕಂಡಿಲ್ಲ. ಮದುವೆಯಲ್ಲಿ ಪುರೋಹಿತರು ಏಳು ಹೆಜ್ಜೆ ಅಂದಾಗ ಐದಕ್ಕೆ ಕೇಳಿದ್ದರಂತೆ. ಅವರ ಮುಖ ಗಂಟಿಕ್ಕಿತು. ಐವತ್ತು ಎಂಬುದು ಅವರ ಕಿವಿಗೆ ಬೀಳದೆ ನೇರವಾಗಿ ಬೆರಳಿಗೆ ಹೋಗಿತ್ತು. ಬೆರಳಿಗೆ ಒಂದೇ ಒಂದು ವಿಚಾರ ಗೊತ್ತು.

“ಬಿಡಿ ಲೆಕ್ಕ,” ಅಂದರು ಗಡುಸಾಗಿ. ಒಂದೇ ಬೆರಳು ಹಿಡಿದರು.

ದೇವರಾಜನ ಕಣ್ಣು ಅಗಲವಾಯಿತು. ನಾನು ಕೆಮ್ಮಿದೆ. ಈರಭದ್ರಪ್ಪ ನನ್ನ ಕಡೆ ತಿರುಗಿ, “ದಲ್ಲಾಳಿ ಕೆಮ್ಮಬಾರ್ದು,” ಅಂದರು. ಜನ ಮುಂದಕ್ಕೆ ಬಗ್ಗಿದರು.

ದೇವರಾಜನಿಗೆ ಬೇಕಾಗಿದ್ದದ್ದು ಐವತ್ತರಲ್ಲೇ ನಿಲ್ಲುವುದು. ಆದರೆ ಅವನೂ ವ್ಯಾಪಾರಿ. ಎದುರಿನವನು ಒಂದು ಎಂದಾಗ ತಾನು ಸ್ವಲ್ಪ ಇಳಿಯುವುದು ಮರ್ಯಾದೆ. ಇಳಿದರೆ ಅವರೂ ಏರುತ್ತಾರೆ, ನಲವತ್ತಕ್ಕೆ ಸೇರಬಹುದು. ನಲವತ್ತಾದರೂ ನಷ್ಟವಿಲ್ಲ. ನಾಲ್ಕು ಬೆರಳು ಹಿಡಿದ. ಈರಭದ್ರಪ್ಪ ಒಂದೇ ಬೆರಳು. ಮೂರು ಹಿಡಿದ. ಒಂದೇ ಬೆರಳು. ಈಗ ಏರಲೇ ಎಂದರೆ ಆಗುವುದಿಲ್ಲ. ಮಾರುವವನು ಇಳಿಯುತ್ತಾ ಬಂದವನು ನಡುವೆ ಏರಿದರೆ ಅದು ವ್ಯಾಪಾರವಲ್ಲ, ಹೊಡೆದಾಟ. ನಿಂತುಬಿಡಲೇ ಎಂದರೆ ಮಾಲು ಮಾರದೆ ವಾಪಸ್ ಒಯ್ದ ಹಾಗೆ. ತರೀಕೆರೆಯ ಜನ ಅಲ್ಲೇ ಕೂತು ನೋಡುತ್ತಿದ್ದರು. ದೇವರಾಜನ ಹಣೆಯಲ್ಲಿ ಬೆವರು ಇಳಿಯಿತು. ಎರಡು ಹಿಡಿದ.

“ಯಜಮಾನ್ರೇ, ನನ್ನ ಮುಖ ನೋಡಿ,” ಅಂದ ಮೆಲ್ಲಗೆ.

“ಮುಖ ಯಾಕೆ ನೋಡ್ಲಿ? ಮಾಲು ನೋಡ್ತೀನಿ,” ಅಂದರು ಈರಭದ್ರಪ್ಪ.

“ಬಿಡಿ ಲೆಕ್ಕ,” ಎಂದ ದೇವರಾಜ, ಅಳುವ ದನಿಯಲ್ಲಿ. ಅದನ್ನು ಕೇಳಿ ಅಂಜಿನಪ್ಪ ಮೇಷ್ಟರು ಕುರ್ಚಿಯಿಂದ ಎದ್ದರು. ಬಿಡಿ ಲೆಕ್ಕ ಅಂದರೆ ಹತ್ತರೊಳಗೆ. ಐದು. ನಾಲ್ಕು. ಟವೆಲ್ ಒಂದು ಸಲ ನಡುಗಿತು. ಆಮೇಲೆ ಈರಭದ್ರಪ್ಪ ಟವೆಲ್ಲನ್ನು ಎಳೆದು ಗಾಳಿಗೆ ಬೀಸಿ, ದೇವರಾಜನ ಅಂಗೈ ಮೇಲೆ ಪಟೀರೆಂದು ಹೊಡೆದು ಎದ್ದು ನಿಂತರು.

“ಐವತ್ತು ಹೇಳ್ದೋನ್ನ ಒಂದಕ್ಕೆ ತಂದೆ ಕಣ್ರಯ್ಯಾ! ಒಂದಕ್ಕೆ!”

ಕಡೂರಿನವರು ಶಿಳ್ಳೆ ಹೊಡೆದರು. ಯಾರೋ ಹಾರ ತಂದು ಹಾಕಿದರು. ಇಷ್ಟು ದೊಡ್ಡ ಇಳಿಕೆ ಈ ಸೀಮೆಯಲ್ಲಿ ಹಿಂದೆ ಆಗಿರಲಿಲ್ಲ. ತರೀಕೆರೆಯವರು ತಲೆ ತಗ್ಗಿಸಿ ಕೂತರು. “ಮಾನ ತೆಗೆದ್ಬಿಟ್ಟ ನಮ್ ದೇವರಾಜ. ಹತ್ತಕ್ಕಾದ್ರೂ ನಿಲ್ಲಬಾರ್ದಿತ್ತಾ,” ಎಂದು ಮುದುಕರೊಬ್ಬರು ಮರುಗಿದರು. ಶಶಿಧರ ಎದ್ದು, “ಆಟಗಾರ್ತಿಯ ದರ್ಜೆ: ಒಂದು. ಸಭೆ ಮುಕ್ತಾಯ,” ಎಂದು ಓದಿದರು.

ಮೊದಲು ಅರ್ಥವಾದದ್ದು ಭೂಮಿಕಾಳಿಗೆ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅಲುಗತೊಡಗಿದಳು. ಪಕ್ಕದಲ್ಲಿ ಕೂತಿದ್ದ ಮಾನ್ಯಾ, “ಅಕ್ಕಾ, ಅಳ್ತಿದೀಯಾ? ನಾವು ಗೆದ್ವಾ ಸೋತ್ವಾ?” ಎಂದು ಅವಳ ತೋಳು ಜಗ್ಗುತ್ತಿದ್ದಳು. ಅಂಜಿನಪ್ಪ ಮೇಷ್ಟರು ಹೋಗಿ ಬಲೆಯಿಲ್ಲದ ಕಂಬವನ್ನು ತಬ್ಬಿಕೊಂಡು ನಿಂತುಬಿಟ್ಟರು.

ನಾನು ಈರಭದ್ರಪ್ಪನವರನ್ನು ಹಾರದ ಸಮೇತ ಪಕ್ಕಕ್ಕೆ ಎಳೆದೆ. “ಏನ್ ಮಾಡ್ಬಿಟ್ರಿ ಯಜಮಾನ್ರೇ! ಒಂದು ಅಂದ್ರೆ ಮೊದಲ್ನೇದು. ಜಗತ್ತಿಗೇ ಮೊದಲ್ನೇದು.”

ಅವರ ಮುಖದ ಮೇಲಿನ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. “ಅದೇನೋ ಸರಿ ಕಣಯ್ಯ,” ಅಂದರು. “ಆದ್ರೆ ಅವ್ನು ಐವತ್ತು ಅಂದ. ಐವತ್ತಕ್ಕೆ ಐವತ್ತೇ ಕೊಟ್ಟು ಮನೇಗೆ ಹೋಗಿ ನಮ್ಮವಳಿಗೆ ಮುಖ ಹೆಂಗಯ್ಯಾ ತೋರಿಸ್ಲಿ?”  ಅವರ ಜಾಗದಲ್ಲಿ ನಾನಿದ್ದರೂ ಒಂದೂವರೆಗೆ ಬಿಡುತ್ತಿದ್ದೆನೋ ಏನೋ.

ಮಾತು ಮುರಿಯುವಂತಿರಲಿಲ್ಲ. ರುಜು ಹಾಕಿದೆವು. ಜಗತ್ತಿನ ಇತರ ಶ್ರೇಷ್ಠ ಆಟಗಾರರಿಗೆ ಆಕ್ಷೇಪಣೆ ಸಲ್ಲಿಸಲು ಹದಿನೈದು ದಿನ ಕೊಟ್ಟು ಕಚೇರಿಯ ನೋಟಿಸ್ ಬೋರ್ಡಿಗೆ ತಿಳುವಳಿಕೆ ಪತ್ರ ಅಂಟಿಸಿದರು. ಅಮೆರಿಕದಿಂದ ಯಾರೂ ಖುದ್ದು ಹಾಜರಾಗಲಿಲ್ಲ. ಅವರ ಮೌನವನ್ನು ಒಪ್ಪಿಗೆ ಎಂದು ಪರಿಗಣಿಸಿ, ಎರಡರಿಂದ ಹತ್ತರವರೆಗಿನ ಸ್ಥಾನಗಳನ್ನು ಅವರ ಉಪಯೋಗಕ್ಕೆ ಬಿಟ್ಟುಕೊಡಲಾಯಿತು.

ಆ ಹದಿನೈದು ದಿನ ಹುಡುಗಿಯರು ಕತ್ತಲಾಗುವವರೆಗೆ ಆಡಿದರು. ಹಾದು ಹೋಗುವಾಗ ನಾನೂ ನಿಂತು ನೋಡಿದೆ. ಮೇಷ್ಟರು ಹೇಳಿದ್ದು ಸುಳ್ಳಲ್ಲ, ಆ ಮಾನ್ಯಾ ನೆಲ ಬಿಟ್ಟರೆ ಬೇಗ ಇಳಿಯುವವಳಲ್ಲ.

ಹದಿನಾರನೆಯ ದಿನ ಶಶಿಧರ ಕೋರ್ಟಿಗೆ ಬಂದು ಆಟ ನಿಲ್ಲಿಸಿದರು. ಜೀಪನ್ನು ಹೊರಗೇ ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರು. ಕೈಯಲ್ಲಿ ನಿಯಮದ ಉಳಿದ ಭಾಗವಿತ್ತು. ಮೊದಲ ಭಾಗದಲ್ಲಿ ಕೆಡವತಕ್ಕದ್ದಲ್ಲ ಎಂದಿತ್ತಷ್ಟೇ. ಏನು ಮಾಡತಕ್ಕದ್ದು ಎಂಬುದು ಈಗ ಬಂದಿತ್ತು:

‘ನಾಲ್ಕರಿಂದ ಹತ್ತನೆಯ ಸ್ಥಾನದವರು ಕಲಿತ ಅಂಕಣದಲ್ಲಿ ಎಂದಿನಂತೆ ಆಡಬಹುದು. ಎರಡು ಹಾಗೂ ಮೂರನೆಯ ಸ್ಥಾನದವರ ಅಂಕಣದಲ್ಲಿ ರಾಷ್ಟ್ರೀಯ ಹಬ್ಬಗಳಂದು ಮಾತ್ರ ಆಡತಕ್ಕದ್ದು. ಮೊದಲನೆಯ ಸ್ಥಾನದವರ ಅಂಕಣವು ಅಮೂಲ್ಯವಾದ್ದರಿಂದ, ಅದರ ಮೂಲಸ್ಥಿತಿಗೆ ಧಕ್ಕೆಯಾಗುವಂತೆ ಯಾವುದೇ ಚೆಂಡನ್ನು ಪುಟಿಸತಕ್ಕದ್ದಲ್ಲ, ಓಡತಕ್ಕದ್ದಲ್ಲ, ನೆಗೆಯತಕ್ಕದ್ದಲ್ಲ.’

“ಸರ್, ಹಂಗಾದ್ರೆ ನನ್ನ ನಾಲ್ಕಕ್ಕೆ ಇಳಿಸಿ,” ಅಂದಳು ಭೂಮಿಕಾ. “ನಾನು ಇರೋದೇ ನಾಲ್ಕರಲ್ಲಿ.”

“ಟವೆಲ್ ಎತ್ತಿದ ಮೇಲೆ ಆಗಲ್ಲಮ್ಮ. ಅಲ್ಲದೆ, ಇಷ್ಟು ದೊಡ್ಡ ಗೌರವವನ್ನ ಆಟಕ್ಕೋಸ್ಕರ ಹಾಳು ಮಾಡ್ಕೋತಾರಾ?”

“ನನ್ನ ಹುಡುಗೀರು ಎಲ್ಲಿ ಆಡ್ಬೇಕು ಸರ್?”

“ನೋಡಿ ಸ್ಫೂರ್ತಿ ಪಡೀಲಿ. ನೋಡೋಕೆ ಭಾನುವಾರ ಬಿಡ್ತೀವಿ.”

ಅಮೂಲ್ಯ ಸ್ಥಳಕ್ಕೆ ಗೋಡೆ ಬೇಕು. ಗೋಡೆಗೆ ಅನುದಾನವಿಲ್ಲ. ಇಂಥ ಸಮಯದಲ್ಲಿ ವರ್ತಕರು ಊರಿನ ಗೌರವಕ್ಕೆ ಹೆಗಲು ಕೊಡದೆ ಇರುವುದು ತರವಲ್ಲ. ನಮ್ಮ ಒಕ್ಕೂಟವೇ ಗೋಡೆ ಕಟ್ಟಿಕೊಡುವುದಾಗಿ ಮುಂದೆ ಬಂತು. ಸ್ಥಳದ ಘನತೆಗೆ ತಕ್ಕಂತೆ ಗೋಡೆಯ ದಪ್ಪ ಹತ್ತು ಅಡಿ ಇರಲಿ ಎಂದೆವು. ಅಷ್ಟು ದಪ್ಪದ ಗೋಡೆಯ ಒಳಗೆ ಗಾಳಿಯಾಡದಿದ್ದರೆ ತೇವ ಹಿಡಿಯುತ್ತದೆ, ಆದ್ದರಿಂದ ಒಳಗೆ ಟೊಳ್ಳು ಬಿಟ್ಟು, ರಸ್ತೆಯ ಕಡೆಗೆ ಅಲ್ಲಲ್ಲಿ ಶಟರ್ ಇಡುವುದು ಸೂಕ್ತ ಎಂದೆವು. ಶಟರನ್ನು ಬೆಳಿಗ್ಗೆ ಎತ್ತಿ ರಾತ್ರಿ ಇಳಿಸಲು ಜವಾಬ್ದಾರಿಯುತ ವ್ಯಕ್ತಿಗಳು ಬೇಕು, ಅವರು ಸುಮ್ಮನೆ ಕೂತರೆ ಬೇಸರವಾಗುತ್ತದೆ, ಆದ್ದರಿಂದ ಏನಾದರೂ ಮಾರಿಕೊಂಡಿರಲಿ ಎಂದೆವು. ಶಶಿಧರ ಒಂದೊಂದಕ್ಕೂ ‘ಪರಿಶೀಲಿಸಿ ಒಪ್ಪಿದೆ’ ಎಂದು ಬರೆದರು. ಮೊದಲಿನ ನಕ್ಷೆಯಲ್ಲಿ ಮಳಿಗೆ ಒಂದೇ ಸಾಲು ಇತ್ತು. ಗೋಡೆಗೆ ನಾಲ್ಕು ಕಡೆ ಇರುವುದರಿಂದ ನಾಲ್ಕು ಸಾಲಾಯಿತು. ಮೂಲೆಗಳೂ ನಾಲ್ಕು, ನಾನು, ಈರಭದ್ರಪ್ಪ, ದೇವರಾಜ ಒಂದೊಂದು ತೆಗೆದುಕೊಂಡೆವು. ನಾಲ್ಕನೆಯದರಲ್ಲಿ ಸಮನ್ವಯ ಕಚೇರಿ ಇದೆ. ಇದು ಕಾಕತಾಳೀಯ.

ಗೋಡೆಯೊಳಗಿನ ಸ್ಥಳಕ್ಕೆ ಒಬ್ಬ ಕಾವಲುಗಾರ ಬೇಕಾದಾಗ ಕೋರ್ಟಿನ ಬಗ್ಗೆ ಕಾಳಜಿ ಇರುವವರೆಂದು ಅಂಜಿನಪ್ಪ ಮೇಷ್ಟರನ್ನೇ ನೇಮಿಸಿದರು. ಖಾಕಿ ಅಂಗಿ ಕೊಟ್ಟರು, ಸೀಟಿ ಅವರ ಹತ್ತಿರವೇ ಇತ್ತು. ಹೊರಗಿನ ಬೇರೆ ಯಾರೋ ಆ ಕೆಲಸಕ್ಕೆ ಬಂದು ನೆಲ ಹಾಳು ಮಾಡುವುದಕ್ಕಿಂತ ತಾನೇ ಇರುವುದು ವಾಸಿ ಎಂದು ಅವರು ಒಪ್ಪಿದರು.

ಗೋಡೆಯ ಉದ್ಘಾಟನೆಯ ಮರುದಿನ ಭಾನುವಾರ. ಭೂಮಿಕಾ ಕಂಕುಳಲ್ಲಿ ಚೆಂಡು ಇಟ್ಟುಕೊಂಡು ಬಂದಳು. ಹಿಂದೆ ಹುಡುಗಿಯರು. ನನ್ನ ಮಳಿಗೆಯ ಹಿಂಬದಿ ಕಿಟಕಿ ಕೋರ್ಟಿನ ಕಡೆಗಿದೆ, ಹಾಗಾಗಿ ನೋಡಿದೆ. ಅವಳು ಗೆರೆಯ ಹತ್ತಿರ ಹೋಗಿ ನಿಂತು, ಚೆಂಡನ್ನು ಒಂದೇ ಒಂದು ಸಲ ನೆಲಕ್ಕೆ ಪುಟಿಸಿದಳು.

ಸೀಟಿ ಕೂಗಿತು.

“ಮೇಷ್ಟ್ರೇ, ನಾನು ಕಣ್ರೀ.”

“ಗೊತ್ತು ಕಣಮ್ಮ.” ಮೇಷ್ಟರು ಹತ್ತಿರ ಬಂದರು. “ನೀನಾದ್ರೂ ಅಷ್ಟೆ. ಬೋರ್ಡ್ ನೋಡು. ಇದು ನಂಬರ್ ಒನ್ ಭೂಮಿಕಾ ಕಲಿತ ಜಾಗ.”

“ನಾನೇ ಅಲ್ವಾ ಭೂಮಿಕಾ?”

“ಅದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಚೆಂಡು ಕೊಡು.” ಕೈ ಚಾಚಿದರು. ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ. ಅವಳು ಚೆಂಡು ಕೊಟ್ಟಳು. ಮೇಷ್ಟರು ಅದನ್ನು ಅಂಗಿಯ ತೋಳಿನಿಂದ ಒರೆಸಿ, ಗೇಟಿನ ಹೊರಗೆ ಒಯ್ದು, ಅವಳ ಕೈಗೆ ವಾಪಸ್ ಕೊಟ್ಟರು. “ಮೊಣಕೈ ಒಳಗಿಟ್ಕೊಂಡು ಹಾಕ್ಬೇಕು ಅಂತ ಆ ಮಾನ್ಯಾಗೆ ಹೇಳು,” ಅಂದರು.

ಈಗ ಎಲ್ಲ ಸುಸೂತ್ರವಾಗಿದೆ. ಕಡೂರು, ತರೀಕೆರೆಗಳಿಂದ ಶಾಲಾ ಮಕ್ಕಳು ಪ್ರವಾಸ ಬಂದು, ಗೋಡೆಯಲ್ಲಿ ಚುರುಮುರಿ ಕೊಂಡು, ಖಾಲಿ ನೆಲ ನೋಡಿ ಹೋಗುತ್ತಾರೆ. ಭೂಮಿಕಾ ತನ್ನ ಹುಡುಗಿಯರನ್ನು ಕರೆದುಕೊಂಡು ಸಂಜೆ ರೈಲುಗಾಡಿಗೆ ಬೀರೂರಿಗೆ ಹೋಗುತ್ತಾಳೆ; ಅಲ್ಲಿ ಸ್ಟೇಷನ್ನಿನಾಚೆ ಒಂದು ಹಳೆಯ ಕೋರ್ಟಿದೆ. ಬೀರೂರಿನವರು ಒಳ್ಳೆಯ ಜನ, ಬೇಡ ಅನ್ನಲಿಲ್ಲ. ಒಂದೇ ಷರತ್ತು ಹಾಕಿದರು. “ಆಡ್ಕೊಳ್ಳಿ ತಾಯಿ, ಎಷ್ಟು ಹೊತ್ತಾದ್ರೂ ಆಡ್ಕೊಳ್ಳಿ. ಆದ್ರೆ ತುಂಬ ಚೆನ್ನಾಗಿ ಆಡ್ಬೇಡಿ. ನಿಮ್ಮಲ್ಲಿ ಇನ್ನೊಬ್ರು ಯಾರಾದ್ರೂ ನಂಬರ್ ಒನ್ ಆಗ್ಬಿಟ್ರೆ ಈ ಕೋರ್ಟೂ ಹೋಗ್ತದೆ. ನಮ್ಮ ಮಕ್ಕಳೂ ಆಡ್ಬೇಕಲ್ಲ.” ಭೂಮಿಕಾಳಿಗೆ ಇದು ನ್ಯಾಯವಾಗಿ ಕಂಡಿತು, ಒಪ್ಪಿದಳು.

ಮೊನ್ನೆ ಒಂದು ಲೋಡು ಈರುಳ್ಳಿಯ ಕೆಲಸವಾಗಿ ಬೀರೂರಿಗೆ ಹೋದವನು ಗಾಡಿಗೆ ಹೊತ್ತಿದೆಯೆಂದು ಆ ಕಡೆ ನಡೆದೆ. ಬೇಲಿಯ ಪಕ್ಕ ಊರಿನ ನಾಲ್ಕು ಜನ ಹಿರಿಯರು ಕಾವಲಿಗೆ ಕೂತಿದ್ದರು. ಮಾನ್ಯಾ ಮೂರು ಜನರನ್ನು ದಾಟಿ, ನೆಲ ಬಿಟ್ಟು ಮೇಲೆದ್ದು, ಚೆಂಡನ್ನು ಇನ್ನೇನು ರಿಂಗಿನೊಳಕ್ಕೆ ಬಿಡಬೇಕು, ಆಗ ಹಿರಿಯರಲ್ಲೊಬ್ಬರು ಸಣ್ಣಗೆ ಕೆಮ್ಮಿದರು. ಹುಡುಗಿ ಗಾಳಿಯಲ್ಲೇ ಅವರ ಕಡೆ ನೋಡಿ, ಚೆಂಡನ್ನು ಹಲಗೆಯ ಹೊರಕ್ಕೆ ಎಸೆದಳು.

“ಶಹಬ್ಬಾಸ್ ಮಗಳೇ,” ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಭೂಮಿಕಾಳೂ ತಟ್ಟಿದಳು.